ಮನೆಯೊಳಗಿನ ಉಣ್ಣೆ: ಯಾವುದಕ್ಕೆ ಹೆದರಬೇಕು, ಹೇಗೆ ತೆಗೆಯಬೇಕು

ಕಳೆದ ವರ್ಷ ಮುಂಗಾರು ಹಿಡಿಯುವ ಹೊತ್ತಿಗೆ, ದಾವಣಗೆರೆಯ ನಮ್ಮ ಮನೆಯ ನಡುಮನೆಯಲ್ಲಿ ಕ್ಯಾಲೆಂಡರಿನ ಹಾಳೆ ತಿರುವಲು ಹೋದಾಗ ಅದರ ಹಿಂದಿನ ಗೋಡೆಯ ಮೇಲೆ ಎಳ್ಳು ಚೆಲ್ಲಿದಂತೆ ಕಂದು ಚುಕ್ಕೆಗಳು ಕಂಡವು. ಎಳ್ಳು ಗೋಡೆಗೆ ಅಂಟಿಕೊಳ್ಳುವುದಿಲ್ಲವಲ್ಲ ಎಂದು ಕನ್ನಡಕ ಹಾಕಿಕೊಂಡು ನೋಡಿದರೆ ಚುಕ್ಕೆಗಳು ಮೆಲ್ಲನೆ ಸೂರಿನ ಕಡೆಗೆ ಏರುತ್ತಿದ್ದವು. ಮೊಳೆ ಹೊಡೆದಲ್ಲಿ ಗಾರೆ ಕಿತ್ತು ಆಗಿದ್ದ ತೂತಿನ ಬಾಯಲ್ಲಿ, ಹರಳು ಬೀಜದಷ್ಟು ಉಬ್ಬಿದ ಬೂದು ಬಣ್ಣದ ಉಣ್ಣೆ ಹುಳವೊಂದು ಕದಲದೆ ಕೂತಿತ್ತು.

ಆ ಸಂಜೆ ನ್ಯೂಜೆರ್ಸಿಯಲ್ಲಿರುವ ಮಗಳಿಗೆ ಫೋನಿನಲ್ಲಿ ಇದನ್ನು ಹೇಳಿದೆ. “ಅಮ್ಮಾ, ಲೈಮ್ ಕಾಯಿಲೆ ಬರುತ್ತೆ, ಮೊದಲು ಎಲ್ಲರೂ ಡಾಕ್ಟರಿಗೆ ತೋರಿಸಿಕೊಳ್ಳಿ” ಎಂದು ಅವಳು ಗಾಬರಿಯಾದಳು. ಅವಳ ಊರಿನ ಮಟ್ಟಿಗೆ ಆ ಗಾಬರಿ ಸರಿ, ನಮ್ಮ ಗೋಡೆಯ ಮಟ್ಟಿಗೆ ತಪ್ಪು. ಈ ವ್ಯತ್ಯಾಸ ತಿಳಿಯದಿದ್ದರೆ ಇಲ್ಲಿ ಇಲ್ಲದ ಕಾಯಿಲೆಗೆ ಹೆದರುತ್ತಾ ಇಲ್ಲಿ ಇರುವ ಕಾಯಿಲೆಯನ್ನು ಕಡೆಗಣಿಸುತ್ತೇವೆ. ಆದ್ದರಿಂದ ಉಣ್ಣೆ ಯಾವುದು ಎಂಬುದನ್ನು ಮೊದಲು ಬರೆದು, ಅದನ್ನು ಮೈಯಿಂದಲೂ ಮನೆಯಿಂದಲೂ ತೆಗೆಯುವ ಕ್ರಮವನ್ನು ಆಮೇಲೆ ಹೇಳುತ್ತೇನೆ.

ಯಾವ ಉಣ್ಣೆ, ಎಲ್ಲಿಂದ ಬಂದದ್ದು

ನಮ್ಮ ಕಡೆ ಉಣ್ಣೆ ಎಂದರೆ ಕುರಿಯ ತುಪ್ಪಟವೂ ಹೌದು, ಆ ತುಪ್ಪಟದೊಳಗೆ ಕಚ್ಚಿಕೊಂಡಿರುವ ಹುಳವೂ ಹೌದು. ಚಳ್ಳಕೆರೆಯ ಕಡೆ ಕಂಬಳಿ ನೇಯುವವರ ಮನೆಯಲ್ಲಿ ಎರಡಕ್ಕೂ ಒಂದೇ ಮಾತು ನಡೆದರೂ ಯಾರಿಗೂ ಗೊಂದಲವಾಗುವುದಿಲ್ಲ. ಮಲೆನಾಡಿನವರು ಹುಳವನ್ನು ಉಣುಗು ಎನ್ನುತ್ತಾರೆ. ಹುಳ ಎಂದು ಕರೆದರೂ ಇದು ಕೀಟವಲ್ಲ, ಜೇಡ ಮತ್ತು ಚೇಳುಗಳ ಬಳಗಕ್ಕೆ ಸೇರಿದ್ದು. ಮೊಟ್ಟೆಯೊಡೆದು ಬಂದ ಮರಿಗೆ ಆರು ಕಾಲು, ಆಮೇಲಿನ ಎರಡು ಹಂತಗಳಲ್ಲಿ ಎಂಟು ಕಾಲು. ಮರಿಯು ಧೂಳಿನ ಕಣದಂತೆ, ನಡುಹಂತದ್ದು ಗಸಗಸೆಯಂತೆ, ಬೆಳೆದದ್ದು ಎಳ್ಳಿನಂತೆ, ರಕ್ತ ಕುಡಿದು ಉಬ್ಬಿದ ಹೆಣ್ಣು ಹರಳು ಬೀಜದಂತೆ ಕಾಣುತ್ತದೆ. ಹರಳಿನ ಹೋಲಿಕೆ ನಾನು ಕಟ್ಟಿದ್ದಲ್ಲ. ಹರಳು ಗಿಡದ ವೈಜ್ಞಾನಿಕ ಹೆಸರಿನಲ್ಲಿರುವ ‘ರಿಸಿನಸ್’ ಎಂಬ ಲ್ಯಾಟಿನ್ ಪದದ ಅರ್ಥವೇ ಉಣ್ಣೆ.

ಬಯಲುಸೀಮೆಯ ಮನೆಯೊಳಗೆ ಗೋಡೆ ಏರುವ ಉಣ್ಣೆ ಹೆಚ್ಚುಕಡಿಮೆ ಯಾವಾಗಲೂ ಕಂದು ನಾಯಿ ಉಣ್ಣೆಯೇ. ರಿಪಿಸೆಫಾಲಸ್ ಸಾಂಗ್ವಿನಿಯಸ್ ಎಂಬ ಈ ಜಾತಿಗೆ ಬೇರೆ ಉಣ್ಣೆಗಳಿಗಿಲ್ಲದ ಒಂದು ಸಾಮರ್ಥ್ಯವಿದೆ: ಒಣ ಗಾಳಿಯನ್ನು ತಡೆದುಕೊಂಡು, ಮೊಟ್ಟೆಯಿಂದ ಮೊಟ್ಟೆಯವರೆಗಿನ ಇಡೀ ಬಾಳನ್ನು ಮನೆಯೊಳಗೇ ಮುಗಿಸಬಲ್ಲದು. ಅದು ಮರಿಯಾಗಿ ಒಮ್ಮೆ, ನಡುಹಂತದಲ್ಲಿ ಒಮ್ಮೆ, ಬೆಳೆದ ಮೇಲೆ ಒಮ್ಮೆ, ಹೀಗೆ ಮೂರು ಸಲ ನಾಯಿಯ ಮೈ ಹತ್ತಿ ರಕ್ತ ಕುಡಿಯುತ್ತದೆ; ಪ್ರತಿ ಸಲವೂ ಇಳಿದು ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದು, ಫೋಟೊದ ಹಿಂಬದಿ ಸೇರುತ್ತದೆ. ಒಂದು ಹೆಣ್ಣು ಸುಮಾರು 4,000 ಮೊಟ್ಟೆಗಳವರೆಗೆ ಇಡಬಲ್ಲದು. ಬೆಳೆದ ಉಣ್ಣೆ ರಕ್ತವಿಲ್ಲದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಬದುಕಿರುತ್ತದೆ. ಬಹಳ ದಿನ ಬೀಗ ಹಾಕಿದ್ದ ಬಾಡಿಗೆ ಮನೆಗೆ ಹೊಸದಾಗಿ ಬಂದವರು “ನಮ್ಮಲ್ಲಿ ನಾಯಿಯೇ ಇಲ್ಲ, ಉಣ್ಣೆ ಎಲ್ಲಿಂದ ಬಂತು” ಎಂದು ಬೆರಗಾಗುವುದಕ್ಕೆ ಕಾರಣ ಇದು. ಇದಕ್ಕೆ ನಾಯಿಯೇ ಇಷ್ಟ. ಆದರೆ ಮನೆ ತುಂಬ ಹೆಚ್ಚಿಕೊಂಡಾಗ, ಅಥವಾ ಬಿಸಿಲು ತೀರಾ ಏರಿದಾಗ ಮನುಷ್ಯರನ್ನೂ ಕಚ್ಚುತ್ತದೆ.

ಲೈಮ್ ಕಾಯಿಲೆಯನ್ನು ಇದು ಹರಡುವುದಿಲ್ಲ. ಆ ಕಾಯಿಲೆಗೆ ಬೊರೇಲಿಯಾ ಎಂಬ ಬ್ಯಾಕ್ಟೀರಿಯಾ ಕಾರಣ. ಅದನ್ನು ಹೊತ್ತು ತಿರುಗುವುದು ಇಕ್ಸೋಡಿಸ್ ಗುಂಪಿನ ಉಣ್ಣೆಗಳು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಸುತ್ತಮುತ್ತ 1970ರ ದಶಕದಲ್ಲಿ ಅನೇಕ ಮಕ್ಕಳಿಗೆ ಒಟ್ಟಿಗೆ ಕೀಲು ಊತ ಬಂದದ್ದರಿಂದ ಕಾಯಿಲೆಗೆ ಊರಿನ ಹೆಸರೇ ನಿಂತಿತು, ಮತ್ತು ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಉಣ್ಣೆಯ ಹೊಟ್ಟೆಯಲ್ಲಿ ಅದರ ರೋಗಾಣುವನ್ನು ಕಂಡ ಸಂಗತಿ 1982ರಲ್ಲಿ ಪ್ರಕಟವಾಯಿತು. ಅಲ್ಲಿ ಅದನ್ನು ಹರಡುವ ಜಿಂಕೆ ಉಣ್ಣೆಗೆ ಹಸಿ ತರಗೆಲೆಯ ತಂಪು ಬೇಕು. ಬಟ್ಟೆಗೋ ನಾಯಿಗೋ ಅಂಟಿ ಮನೆಯೊಳಗೆ ಬಂದರೆ ಅದು ಸಿಕ್ಕವರನ್ನು ಕಚ್ಚಬಹುದೇ ಹೊರತು ಅಲ್ಲಿ ಸಂಸಾರ ಹೂಡುವುದಿಲ್ಲ, ಕೆಲವೇ ದಿನಗಳಲ್ಲಿ ಒಣಗಿ ಸಾಯುತ್ತದೆ. ಭಾರತದಲ್ಲಿ ಲೈಮ್ ಅಪರೂಪ, ಅಲ್ಲೊಂದು ಇಲ್ಲೊಂದು ಪ್ರಕರಣ ವರದಿಯಾಗಿದೆ ಅಷ್ಟೆ. ಚಿತ್ರದುರ್ಗದ ಒಣ ಹವೆಯಲ್ಲಿ ಗೋಡೆಯ ಉಣ್ಣೆ ನೋಡಿ ಲೈಮ್ ಎಂದು ಬೆಚ್ಚುವುದಕ್ಕೆ ಆಧಾರವಿಲ್ಲ.

ಹಾಗೆಂದು ನಾಯಿ ಉಣ್ಣೆ ಸಾಧುವಲ್ಲ. ಅದರಿಂದ ಮನುಷ್ಯರಿಗೆ ರಿಕೆಟ್ಸಿಯಾ ಜ್ವರ ಬರಬಹುದು. ವೈದ್ಯರು ಇದನ್ನು ಇಂಡಿಯನ್ ಟಿಕ್ ಟೈಫಸ್ ಎನ್ನುತ್ತಾರೆ. ಜ್ವರ, ತಲೆನೋವು, ಮೈಕೈ ನೋವಿನ ಜೊತೆಗೆ ಕೆಲವು ದಿನಗಳಲ್ಲಿ ಏಳುವ ಕೆಂಪು ದದ್ದುಗಳು ಅಂಗೈ ಮತ್ತು ಅಂಗಾಲುಗಳಲ್ಲಿಯೂ ಕಂಡರೆ ಅದನ್ನು ಸಾಮಾನ್ಯ ವೈರಲ್ ಜ್ವರವೆಂದು ಬಿಡಬಾರದು. ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಔಷಧಿಗೆ ಇದು ಬಗ್ಗುತ್ತದೆ, ಆದರೆ ಸಮಯಕ್ಕೆ ಸರಿಯಾಗಿ ಕೊಡಬೇಕು. ಹೊಲದ ಬದು, ಪೊದೆಗಳ ಕಡೆಯಿಂದ ಬರುವ ಸ್ಕ್ರಬ್ ಟೈಫಸ್ ಬೇರೆ. ಅದನ್ನು ಹರಡುವುದು ಉಣ್ಣೆಯಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ, ಮತ್ತು ಅದು ಕಚ್ಚಿದಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಗಾಯ ಉಳಿಯಬಹುದು.

ಮೂರನೆಯದು ಕಾಡಿನ ಉಣ್ಣೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹೆಚ್ಚಾಗಿ ಹರಡುವುದು ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳು ಇಂದು ದಾವಣಗೆರೆ ಜಿಲ್ಲೆಯಲ್ಲಿದ್ದರೂ ಅವುಗಳ ಬೆನ್ನಿಗೆ ಶಿವಮೊಗ್ಗವಿದೆ. ನೆಂಟರ ಮನೆಗೆ, ಅಡಿಕೆ ಕೊಯ್ಲಿಗೆ, ಸಿಗಂದೂರಿಗೆ, ಕೊಲ್ಲೂರಿಗೆ ಎಂದು ನಾವು ಕಾಡಿನ ಅಂಚಿಗೆ ಹೋಗಿ ಬರುತ್ತಲೇ ಇರುತ್ತೇವೆ. ಈ ಕಾಯಿಲೆಗೆ ನೇರವಾದ ಮದ್ದಿಲ್ಲ. ನೂರು ರೋಗಿಗಳಲ್ಲಿ 3ರಿಂದ 5 ಮಂದಿ ಸಾಯುವ ಅಪಾಯವಿದೆ. ನನ್ನ ದೃಷ್ಟಿಯಲ್ಲಿ ನಮ್ಮವರು ಲೈಮ್ ಬಗ್ಗೆ ಓದಿ ಪಡುವ ಭಯದ ಅರ್ಧದಷ್ಟನ್ನು ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಲೆನಾಡಿಗೆ ಹೋಗಿ ಬರುವಾಗ ಪಟ್ಟರೆ ಹೆಚ್ಚು ಪ್ರಯೋಜನವಾಗುತ್ತದೆ.

ಮೈಗೆ ಕಚ್ಚಿದಾಗ

ಉಣ್ಣೆ ಯಾವ ಜಾತಿಯದಾದರೂ ತೆಗೆಯುವ ಕ್ರಮ ಒಂದೇ. ತುದಿ ಚೂಪಾದ ಚಿಮಟವೊಂದು ಮನೆಯಲ್ಲಿರಲಿ. ಹುಬ್ಬು ಕೀಳಲು ಬಳಸುವ ಅಗಲ ತುದಿಯ ಪ್ಲಕ್ಕರ್ ಉಣ್ಣೆಯ ಹೊಟ್ಟೆಯನ್ನು ಅಮುಕುತ್ತದೆ; ಮೊಬೈಲ್ ರಿಪೇರಿಯವರು ಸಣ್ಣ ಬಿಡಿಭಾಗ ಎತ್ತಲು ಬಳಸುವಂಥದ್ದು ಇದಕ್ಕೆ ಹೆಚ್ಚು ಒಪ್ಪುತ್ತದೆ. ಚರ್ಮಕ್ಕೆ ತಾಗಿದಂತೆ, ಉಣ್ಣೆಯ ಬಾಯಿ ಚರ್ಮದೊಳಗೆ ಹೊಕ್ಕಿರುವ ಜಾಗವನ್ನೇ ಹಿಡಿದು, ತಿರುಚದೆ, ಜಗ್ಗದೆ, ಒಂದೇ ಸಮನೆ ನೇರವಾಗಿ ಮೇಲಕ್ಕೆ ಎಳೆಯಬೇಕು. ಚರ್ಮ ಸ್ವಲ್ಪ ಗುಡಾರದಂತೆ ಎದ್ದು ನಿಲ್ಲುತ್ತದೆ, ಉಣ್ಣೆ ತಕ್ಷಣ ಬಿಡುವುದಿಲ್ಲ. ಅಲ್ಲಿ ಆತುರಪಡದೆ ಹಿಡಿತವನ್ನು ಹಾಗೇ ಇಟ್ಟರೆ ಕೆಲವು ಕ್ಷಣಗಳಲ್ಲಿ ಕಳಚಿಕೊಳ್ಳುತ್ತದೆ. ಬಾಯಿಯ ಚೂರು ಚರ್ಮದಲ್ಲೇ ಉಳಿದರೆ, ಚಿಮಟದಿಂದ ಸುಲಭವಾಗಿ ಬರುವುದಾದರೆ ತೆಗೆಯಿರಿ, ಇಲ್ಲದಿದ್ದರೆ ಸೂಜಿ ಹಾಕಿ ಕೆದಕಬೇಡಿ. ಚರ್ಮವೇ ಅದನ್ನು ಹೊರಗೆ ಹಾಕುತ್ತದೆ. ಚಿಮಟ ಸಿಗದಿದ್ದರೆ ಬೆರಳಿಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಇದೇ ರೀತಿ ಎಳೆಯಬಹುದು. ಆಮೇಲೆ ಆ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆದು ಸ್ಪಿರಿಟ್ ಹಚ್ಚಬೇಕು.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಬೇಕು. ಕ್ಯಾಲೆಂಡರಿನ ಘಟನೆಗೆ ಮುಂಚೆಯೇ ನಮ್ಮ ನಾಯಿ ಕರಿಯನ ಕಿವಿಯಲ್ಲಿ ಉಣ್ಣೆಗಳು ಕಂಡಿದ್ದವು. ಹಾಲು ಹಾಕಲು ಬಂದವನು ನೋಡಿ, “ಅಕ್ಕಾರೇ, ಬೀಡಿ ಹಚ್ಚಿ ಹಿಂದಕ್ಕೆ ಮುಟ್ಟಿಸ್ರಿ, ಇಲ್ಲಾ ಸೀಮೆಎಣ್ಣಿ ಹಾಕ್ರಿ, ತಾನಾ ಬಿಡ್ತೈತಿ” ಎಂದ. ಬೀಡಿಗೆ ಮನಸ್ಸು ಬಾರದೆ ಸೀಮೆಎಣ್ಣೆ ಹಚ್ಚಿದೆ. ಉಣ್ಣೆ ಬಿಡಲಿಲ್ಲ. ಕರಿಯನ ಕಿವಿಯ ಒಳಚರ್ಮ ಸುಲಿದು ಕೆಂಪಾಯಿತು, ಅದು ಒಂದು ವಾರ ನನ್ನ ಕೈಗೆ ಸಿಗದೆ ಹೊರಸಿನ ಕೆಳಗೆ ಅಡಗಿತು. ಸೀಮೆಎಣ್ಣೆ, ಬೆಂಕಿ, ಸುಣ್ಣ, ಹೊಗೆಸೊಪ್ಪು, ಉಗುರಿನ ಬಣ್ಣ ಇವೆಲ್ಲ ಉಣ್ಣೆಯನ್ನು ಕೆರಳಿಸುತ್ತವೆ. ಕೆರಳಿದ ಉಣ್ಣೆ ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೆ ಕಕ್ಕಬಹುದು. ಅದು ತಾನಾಗಿ ಬಿಡಲೆಂದು ಕಾಯುವಷ್ಟು ಹೊತ್ತೂ ರೋಗಾಣುವಿಗೆ ದಾರಿ ತೆರೆದೇ ಇರುತ್ತದೆ. ಲೈಮ್ ರೋಗಾಣು ದಾಟಲು ಉಣ್ಣೆ ಸಾಮಾನ್ಯವಾಗಿ 24 ಗಂಟೆಗೂ ಹೆಚ್ಚು ಕಾಲ ಕಚ್ಚಿಕೊಂಡಿರಬೇಕು, ಆದ್ದರಿಂದ ಬೇಗ ತೆಗೆದಷ್ಟೂ ಅಪಾಯ ತಗ್ಗುತ್ತದೆ. ಆದರೆ ಎಲ್ಲ ಉಣ್ಣೆ ಕಾಯಿಲೆಗಳಿಗೂ ಈ ಲೆಕ್ಕ ಹೊಂದುವುದಿಲ್ಲ.

ತೆಗೆದ ಉಣ್ಣೆಯನ್ನು ಉಗುರಿನಿಂದ ಹಿಸುಕುವುದು ನಮ್ಮಲ್ಲಿ ಅಭ್ಯಾಸ; ದನದ ಮೈಯಿಂದ ಕಿತ್ತು ಕಲ್ಲಿನ ಮೇಲಿಟ್ಟು ಜಜ್ಜುವುದನ್ನು ಚಿಕ್ಕಂದಿನಿಂದ ಎಲ್ಲರೂ ನೋಡಿದ್ದೇವೆ. ಇದನ್ನು ಬಿಡಬೇಕು. ಗುಜರಾತಿನಲ್ಲಿ 2011ರಲ್ಲಿ ಕಾಣಿಸಿಕೊಂಡ ಕ್ರಿಮಿಯನ್ ಕಾಂಗೋ ಜ್ವರದಂಥ ಕಾಯಿಲೆಯು ದನದ ಉಣ್ಣೆಯನ್ನು ಕೈಯಲ್ಲಿ ಜಜ್ಜಿದಾಗ ಚರ್ಮದ ಗಾಯದ ಮೂಲಕವೂ ದಾಟಬಲ್ಲದು. ಸಣ್ಣ ಬಾಟಲಿಯಲ್ಲಿ ಸ್ಪಿರಿಟ್ ತುಂಬಿಟ್ಟುಕೊಂಡು ಅದರಲ್ಲಿ ಹಾಕಿ; ಒಂದು ಚೀಟಿಯಲ್ಲಿ ದಿನಾಂಕ, ಕಚ್ಚಿದ ಜಾಗ, ಹಿಂದಿನ ವಾರ ಎಲ್ಲೆಲ್ಲಿಗೆ ಹೋಗಿದ್ದಿರಿ ಎಂಬುದನ್ನು ಬರೆದು ಬಾಟಲಿಗೆ ಅಂಟಿಸಿ. ಗೋಡೆಯ ಮೇಲಿನ ಮರಿಗಳನ್ನು ಒಂದೊಂದಾಗಿ ಹಿಡಿಯಲಾಗುವುದಿಲ್ಲ. ಅವುಗಳ ಮೇಲೆ ಅಗಲವಾದ ಪ್ಯಾಕಿಂಗ್ ಟೇಪು ಒತ್ತಿ ಎತ್ತಿದರೆ ನೂರಾರು ಒಟ್ಟಿಗೆ ಅಂಟಿ ಬರುತ್ತವೆ. ಟೇಪನ್ನು ಮಡಚಿ, ಕವರಿನಲ್ಲಿ ಕಟ್ಟಿ ಬಿಸಾಡಿ.

ನಾಯಿ ಮೊದಲು, ಗೋಡೆ ಆಮೇಲೆ

ಮನೆಗೆ ಔಷಧಿ ಹೊಡೆಸಿ ನಾಯಿಯನ್ನು ಹಾಗೇ ಬಿಟ್ಟರೆ ಕೆಲಸ ಕೆಟ್ಟಂತೆ. ನಾಯಿಗೆ ಮಾತ್ರೆ ನುಂಗಿಸಿ ಗೋಡೆಯನ್ನು ಹಾಗೇ ಬಿಟ್ಟರೂ ಅಷ್ಟೆ. ಎರಡೂ ಒಂದೇ ವಾರದಲ್ಲಿ ಆಗಬೇಕು. ಹತ್ತಿರದ ಪಶು ಆಸ್ಪತ್ರೆಗೆ ಕರೆದೊಯ್ದು ನಾಯಿಯ ತೂಕ ಹಾಕಿಸಿ ಔಷಧಿ ಬರೆಸಿಕೊಳ್ಳಿ. ಇಂದು ಬೆನ್ನಿಗೆ ಬಿಡುವ ಹನಿ, ಕುತ್ತಿಗೆಗೆ ಕಟ್ಟುವ ಔಷಧಿ ಪಟ್ಟಿ, ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ತಿನ್ನಿಸುವ ಮಾತ್ರೆ ಹೀಗೆ ಹಲವು ಬಗೆಗಳಿವೆ. ಮಾತ್ರೆ ದುಬಾರಿ ಎನಿಸುತ್ತದೆ. ಆದರೂ ನಾನು ಅದನ್ನೇ ಆರಿಸಿದೆ, ಏಕೆಂದರೆ ಗೋಡೆಯಲ್ಲಿ ಹಸಿದು ಕೂತ ಉಣ್ಣೆ ನಾಯಿಯನ್ನು ಹುಡುಕಿ ಬಂದು ಕಚ್ಚಿ ಸಾಯುತ್ತದೆ, ನಾಯಿಯೇ ಬಲೆಯಾಗುತ್ತದೆ. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ದನಕ್ಕೆಂದು ಕೊಟ್ಟ ಔಷಧಿಯನ್ನು ಅಳತೆ ಊಹಿಸಿ ನಾಯಿಗೆ ಬಳಿಯುವುದು ಅಪಾಯ. ನಾಯಿಗೆ ಹಾಕುವ ಪರ್ಮೆಥ್ರಿನ್ ಎಂಬ ಉಣ್ಣೆ ಔಷಧಿ ಬೆಕ್ಕಿಗೆ ವಿಷ. ಎರಡನ್ನೂ ಸಾಕಿರುವವರು ಇದನ್ನು ಮರೆಯಬಾರದು.

ಪ್ರತಿದಿನ ನಾಯಿಯ ಕಿವಿಯ ಒಳಮಡಿಕೆ, ಕಾಲ್ಬೆರಳುಗಳ ಸಂದು, ಕುತ್ತಿಗೆ ಪಟ್ಟಿಯ ಅಡಿ, ತೊಡೆಸಂದು, ಬಾಲದ ಬುಡ ಇವನ್ನು ಬೆರಳಾಡಿಸಿ ನೋಡಿ. ಊಟ ಬಿಟ್ಟು ಮಂಕಾಗಿ ಮಲಗಿದರೆ, ವಸಡು ಬಿಳಿಚಿಕೊಂಡರೆ, ಮೂಗಿನಿಂದ ರಕ್ತ ಬಂದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ. ಇದೇ ಉಣ್ಣೆ ನಾಯಿಗೆ ಎರ್ಲಿಕಿಯಾ, ಬಬೇಸಿಯಾ ಕಾಯಿಲೆಗಳನ್ನು ತರುತ್ತದೆ, ಮತ್ತು ನಾಯಿಗಳು ಸಾಯುವುದು ಅವುಗಳಿಂದ.

ಮನೆಯಲ್ಲಿ ಎಲ್ಲಿ ನೋಡಬೇಕು ಎಂಬುದಕ್ಕೆ ನಾಯಿ ಮಲಗುವ ಜಾಗವೇ ಆರಂಭ. ಅಲ್ಲಿಂದ ಎರಡು ಮೂರು ಮಾರು ದೂರದವರೆಗಿನ ಎಲ್ಲ ಬಿರುಕುಗಳನ್ನು ಟಾರ್ಚ್ ಹಿಡಿದು ನೋಡಿ, ಮತ್ತು ಕೆಳಗಲ್ಲ, ಮೇಲೆ ನೋಡಿ. ಈ ಉಣ್ಣೆಗೆ ಏರುವ ಚಟ. ನಮ್ಮ ಮನೆಯಲ್ಲಿ ಅವು ಸಿಕ್ಕಿದ್ದು ಕ್ಯಾಲೆಂಡರಿನ ಹಿಂದೆ, ದೇವರ ಫೋಟೊಗಳ ಹಿಂದೆ, ಸ್ವಿಚ್ ಬೋರ್ಡಿನ ಅಂಚಿನಲ್ಲಿ, ಕಡಪ ಕಲ್ಲಿನ ಹಲಗೆ ಗೋಡೆಗೆ ಸೇರುವ ಸಂದಿನಲ್ಲಿ, ಹೊರಸಿನ ಹಗ್ಗದ ಗಂಟುಗಳಲ್ಲಿ. ಹಳೆಯ ಮಾಳಿಗೆ ಮನೆಗಳಲ್ಲಿ ತೊಲೆ ಗೋಡೆಗೆ ಸೇರುವ ಜಾಗ, ಮಣ್ಣು ಗೋಡೆಯ ಬಿರುಕುಗಳು ಅವಕ್ಕೆ ಅರಮನೆಯಿದ್ದಂತೆ. ಕರಿಯ ಮಲಗುತ್ತಿದ್ದ ಹಳೆಯ ಕೌದಿಯನ್ನು ನಾನು ಒಗೆಯಲು ಹೋಗದೆ ಸುಟ್ಟೆ. ಒಗೆಯುವುದಾದರೆ ಕುದಿಯುವ ನೀರಿನಲ್ಲಿ ನೆನೆಹಾಕಿ. ಸಂದುಗಳನ್ನು ತಂತಿಯಿಂದ ಕೆದಕಿ, ಕಸವನ್ನು ಸೋಪಿನ ನೀರಿಗೆ ಹಾಕಿ, ನಂತರ ಸಿಮೆಂಟು ಅಥವಾ ಪುಟ್ಟಿಯಿಂದ ಮುಚ್ಚಿ ಸುಣ್ಣ ಬಳಿಯಿರಿ. ಬಿರುಕು ಮುಚ್ಚಿದ ಮನೆಯಲ್ಲಿ ಔಷಧಿಯ ಖರ್ಚು ಅರ್ಧಕ್ಕೆ ಇಳಿಯುತ್ತದೆ ಎಂಬುದು ನನ್ನ ಅನುಭವ.

ಔಷಧಿ ಹೊಡೆಯಬೇಕಾದರೆ ಮನೆಯೊಳಗೆ ಬಳಸಲೆಂದೇ ಪರವಾನಗಿ ಇರುವುದನ್ನು, ಡಬ್ಬಿಯ ಮೇಲೆ ಬರೆದ ಅಳತೆಯಲ್ಲಿ, ಬಿರುಕುಗಳಿಗೆ ಮಾತ್ರ ಹೊಡೆಯಬೇಕು. ಮಕ್ಕಳು, ಬಸುರಿಯರು, ಉಬ್ಬಸವಿರುವವರು, ಸಾಕುಪ್ರಾಣಿಗಳು ಒಣಗುವವರೆಗೆ ಹೊರಗಿರಲಿ; ಅಡುಗೆ ಪಾತ್ರೆ, ಕುಡಿಯುವ ನೀರು ಮುಚ್ಚಿರಲಿ. ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳಕ್ಕೆ, ಹತ್ತಿಗೆ ತಂದ ಔಷಧಿ ಮನೆಯ ಮೂಲೆಯಲ್ಲೇ ಇರುತ್ತದೆ, ಕೈಗೆ ಸಿಗುವ ಪಂಪೂ ಅದೇ. ಆ ಔಷಧಿಯನ್ನು ಮಲಗುವ ಕೋಣೆಗೆ ಹೊಡೆಯುವುದು ಉಣ್ಣೆಗಿಂತ ದೊಡ್ಡ ಕೇಡು. ಒಮ್ಮೆ ಹೊಡೆದು ಸುಮ್ಮನಾಗಬೇಡಿ: ಮೊಟ್ಟೆಗಳು ಉಳಿದು ಮರಿಯಾಗುತ್ತವೆ, ಆದ್ದರಿಂದ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ, ಬೇಕಾದರೆ ಮತ್ತೊಮ್ಮೆ ಮಾಡಬೇಕು. ನಮ್ಮ ಮನೆ ಪೂರ್ತಿ ನಿರಾಳವಾಗಲು ನಾಲ್ಕು ತಿಂಗಳು ಹಿಡಿಯಿತು.

ದನದ ಕೊಟ್ಟಿಗೆ, ಕುರಿಹಟ್ಟಿ ಮನೆಗೆ ಅಂಟಿಕೊಂಡಿದ್ದರೆ ಸಾಧ್ಯವಾದಷ್ಟು ದೂರ ಸರಿಸಿ, ನೆಲಕ್ಕೆ ಕಲ್ಲು ಹಾಸಿ, ಗೋಡೆಗೆ ಸುಣ್ಣ ಹೊಡೆಯಿರಿ. ನಾಟಿ ಕೋಳಿ ಬಿಟ್ಟರೆ ದನದಿಂದ ಉದುರಿದ ಉಣ್ಣೆಗಳನ್ನು ಆರಿಸಿ ತಿನ್ನುತ್ತದೆ. ದನದ ಸಾಮಾನ್ಯ ಉಣ್ಣೆ ಮನೆಯೊಳಗೆ ನೆಲೆ ಕಟ್ಟುವುದಿಲ್ಲ.

ಕಾಡಿನಿಂದ, ಕಡಲಾಚೆಯಿಂದ ಬಂದಾಗ

ಮಲೆನಾಡಿನಿಂದಲೋ ಜೋಗಿಮಟ್ಟಿಯ ಕಾಡಿನಿಂದಲೋ ಮರಳಿದ ದಿನ ಬಟ್ಟೆಯನ್ನು ಮಂಚದ ಮೇಲೆ ಎಸೆಯಬೇಡಿ. ಅಂಗಳದಲ್ಲೇ ಕೊಡವಿ, ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ, ಅಂದರೆ 54 ಡಿಗ್ರಿಗೂ ಮೇಲಿನ ಬಿಸಿಯಲ್ಲಿ ಒಗೆಯಿರಿ. ವಾಷಿಂಗ್ ಮಷಿನ್ನಿನ ತಣ್ಣೀರಿಗೆ ಉಣ್ಣೆ ಸಾಯುವುದಿಲ್ಲ. ಎರಡು ಗಂಟೆಯೊಳಗೆ ಸ್ನಾನ ಮಾಡಿ, ಕೂದಲಂಚು, ಕಿವಿಯ ಹಿಂಭಾಗ, ಕಂಕುಳು, ಹೊಕ್ಕಳು, ಉಡಿದಾರ ಅಥವಾ ಲಂಗದ ಲಾಡಿ ಕಟ್ಟುವ ಜಾಗ, ಮೊಣಕಾಲಿನ ಹಿಂದೆ ಕನ್ನಡಿ ಹಿಡಿದು ನೋಡಿಕೊಳ್ಳಿ. ಮಕ್ಕಳದನ್ನು ದೊಡ್ಡವರು ನೋಡಬೇಕು. ಮಂಗನ ಕಾಯಿಲೆಯಿರುವ ಊರುಗಳಲ್ಲಿ ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆಯವರು ಮೈಗೆ ಹಚ್ಚಿಕೊಳ್ಳುವ ಎಣ್ಣೆ ಹಂಚುತ್ತಾರೆ. ಮೊದಲು ಡಿಎಂಪಿ ಎಣ್ಣೆ ಬರುತ್ತಿತ್ತು, ಈಚೆಗೆ ಡೀಪಾ ಎಣ್ಣೆ ಬಂದಿದೆ. ಕೇಳಿ ಪಡೆದುಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಉಣುಗು ಕಚ್ಚಿ 3ರಿಂದ 8 ದಿನಗಳಲ್ಲಿ ಹಠಾತ್ತನೆ ಜ್ವರ, ಹಣೆಯ ಭಾಗದ ತಲೆನೋವು, ಸಹಿಸಲಾಗದ ಮೈಕೈ ನೋವು ಬಂದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ.

ಮಕ್ಕಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬರುವ ತಂದೆತಾಯಂದಿರು ಈಗ ನಮ್ಮ ಬೀದಿಯಲ್ಲೇ ಹಲವರಿದ್ದಾರೆ. ಲೈಮ್ ಮಾತು ಇವರಿಗೆ ಅನ್ವಯಿಸುತ್ತದೆ. ಅಲ್ಲಿನ ಈಶಾನ್ಯ ರಾಜ್ಯಗಳಲ್ಲಿ ಮೇಯಿಂದ ಜುಲೈವರೆಗೆ ಗಸಗಸೆ ಗಾತ್ರದ ಉಣ್ಣೆಗಳು ಹಿತ್ತಲ ಹುಲ್ಲಿನಲ್ಲೂ ಇರುತ್ತವೆ. ಕಚ್ಚಿದ 3ರಿಂದ 30 ದಿನಗಳೊಳಗೆ ಆ ಜಾಗದಲ್ಲಿ ದಿನದಿಂದ ದಿನಕ್ಕೆ ಅಗಲವಾಗುವ ಕೆಂಪು ಮಚ್ಚೆ ಏಳಬಹುದು. ಪುಸ್ತಕಗಳ ಚಿತ್ರದಲ್ಲಿ ಅದು ಬಿಳಿ ಚರ್ಮದ ಮೇಲೆ ಕೆಂಪು ಬಳೆಯಂತೆ ಎದ್ದು ಕಾಣುತ್ತದೆ. ನಮ್ಮ ಮೈಬಣ್ಣದ ಮೇಲೆ ಹಾಗೆ ಕಾಣದೆ ಬರೀ ಕಪ್ಪಗೆ, ನೇರಳೆಯಾಗಿ, ಮುಟ್ಟಿದರೆ ಸ್ವಲ್ಪ ಬಿಸಿಯಾಗಿ ತೋರಬಹುದು, ಆದ್ದರಿಂದ ಅದರ ಸುತ್ತ ಪೆನ್ನಿನಿಂದ ಗೆರೆ ಎಳೆದು ಮರುದಿನ ಗೆರೆ ದಾಟಿತೇ ನೋಡಿ. ಮಚ್ಚೆಯಿಲ್ಲದೆಯೂ ಕಾಯಿಲೆ ಬರುತ್ತದೆ. ಮುಖದ ಒಂದು ಪಕ್ಕ ಸೊಟ್ಟಗಾಗುವುದು, ತಿಂಗಳುಗಳ ನಂತರ ಮೊಣಕಾಲು ಊದಿಕೊಳ್ಳುವುದು ಇದರ ಗುರುತುಗಳು. ಮೊದಲ ವಾರಗಳಲ್ಲಿ ರಕ್ತ ಪರೀಕ್ಷೆ ‘ಇಲ್ಲ’ ಎನ್ನಬಹುದು. ಇಲ್ಲಿನ ವೈದ್ಯರಿಗೆ ಲೈಮ್ ತಟ್ಟನೆ ನೆನಪಾಗುವ ಕಾಯಿಲೆಯಲ್ಲ, ಆದ್ದರಿಂದ “ನಾನು ಇಂಥ ರಾಜ್ಯದಲ್ಲಿದ್ದೆ, ಇಂಥ ತಿಂಗಳು ಮರಳಿದೆ” ಎಂದು ಕೇಳದಿದ್ದರೂ ಹೇಳಬೇಕಾದವರು ನಾವು.

ನಾಯಿ ಉಣ್ಣೆಯಾಗಲಿ, ಕಾಡಿನ ಉಣುಗಾಗಲಿ, ಕಚ್ಚಿದ ದಿನದಿಂದ 30 ದಿನ ಮೈಮೇಲೆ ಕಣ್ಣಿಡಿ. ಆ ಅವಧಿಯಲ್ಲಿ ಜ್ವರ ಬಂದರೆ ಸ್ಪಿರಿಟ್ ಬಾಟಲಿಯನ್ನೂ ಅದಕ್ಕೆ ಅಂಟಿಸಿದ ಚೀಟಿಯನ್ನೂ ಚೀಲದಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋಗಿ, ವೈದ್ಯರ ಮೇಜಿನ ಮೇಲೆ ಮೊದಲು ಅದನ್ನೇ ಇಡಿ.